ನಾಲ್ಕನೇ ನಿಂಬೆಹಣ್ಣು

ಮೊದಲು ಶೈಲಜಾಗೆ ಒಂದು ಮಾತು, ಉಳಿದವರೂ ಕೇಳಿಸಿಕೊಳ್ಳಿ. ನಿನ್ನೆ ನಮ್ಮ ಕ್ಯಾರಿ ಊರಿನ ವಾಕಿಂಗ್ ವಾಟ್ಸ್ಯಾಪ್ ಗುಂಪಿನಲ್ಲಿ ನೀನು ಬರೆದದ್ದನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. "ಗುರುಶಾಂತಪ್ಪ ಅಂಕಲ್ ಒಂದೊಂದು ಸಲ ಒಂದೊಂದು ಥರ ಹೇಳ್ತಾರೆ, ಅವರ ಮೆಮೊರಿ ನಂಬ್ಕೊಂಡು ಸ್ಕಿಟ್ ಬರೆಯೋಕಾಗಲ್ಲ." ಅದರ ಕೆಳಗೆ ಹನ್ನೊಂದು ಜನ ನಗುವ ಮುಖ ಒತ್ತಿದ್ದೀರಿ. ಯಾರು ಯಾರು ಅಂತ ನೋಡಿಟ್ಟುಕೊಂಡಿದ್ದೇನೆ. ಹುಬ್ಬಳ್ಳಿ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆ ನಲವತ್ತೊಂದು, ಅಲ್ಲಿನ ಅಡುಗೆಯವನ ಎಡಗೈಗೆ ಆರು ಬೆರಳು, ಗುರುವಾರ ಬದನೆಕಾಯಿ. ಐವತ್ತೈದು ವರ್ಷದ ಹಿಂದಿನ ಮಾತು ಇದು. ನಿಮಗೆ ನಿಮ್ಮ ನಿಮ್ಮ ಗಂಡಂದಿರ ಫೋನ್ ನಂಬರ್ ಬಾಯಲ್ಲಿ ಬರುವುದಿಲ್ಲ, ನನ್ನ ನೆನಪನ್ನು ತೂಗಲು ಬರುತ್ತೀರಿ.

ನೆನಪು ಗಟ್ಟಿಯಾಗಿದೆ. ಕತೆ ಪ್ರತಿ ಸಲ ಬದಲಾಗುವುದಕ್ಕೆ ಬೇರೆ ಕಾರಣವಿದೆ, ಅದನ್ನೇ ಈ ವಾಯ್ಸ್ ನೋಟಿನಲ್ಲಿ ಹೇಳಲು ಕೂತಿದ್ದೇನೆ. ಶನಿವಾರ ಸಿದ್ಧಲಿಂಗೇಶನಿಗೆ ಎಪ್ಪತ್ತೈದು ತುಂಬುತ್ತದೆ. ಕ್ಲಬ್‌ಹೌಸಿನಲ್ಲಿ ನೀವು ಅವನ ಡ್ರೈವಿಂಗ್ ಟೆಸ್ಟಿನ ಕತೆಯನ್ನು ಆಡಿ ತೋರಿಸಿ, ಕೊನೆಗೆ ಅವನ ಕೊರಳಿಗೆ ನಿಂಬೆಹಣ್ಣಿನ ಹಾರ ಹಾಕುತ್ತೀರಿ ಅಂತ ಗೊತ್ತಾಯಿತು. ಅದು ಆಗಕೂಡದು. ಯಾಕೆ ಅನ್ನುವುದು ಪೂರ್ತಿ ಕೇಳಿದರೆ ತಿಳಿಯುತ್ತದೆ. ಸ್ಪೀಡ್ ಹೆಚ್ಚು ಮಾಡಿಕೊಂಡು ಕೇಳಬೇಡಿ. ಹಾಗೆ ಕೇಳಿದರೆ ನನ್ನ ದನಿ ಅಳಿಲಿನ ಹಾಗೆ ಇರುತ್ತದಂತೆ, ನನ್ನ ಹೆಂಡತಿ ರೇಣುಕಾದೇವಿಯೇ ಹೇಳಿದ್ದಾಳೆ.

ಸಿದ್ಧಲಿಂಗೇಶ ನನ್ನ ಹಾಸ್ಟೆಲ್ ಗೆಳೆಯ. ಓದು ಮುಗಿಸಿ ನಾನು ಅಮೆರಿಕದ ಈ ಕಡೆ ಬಂದೆ, ಅವನು ಜರ್ಮನಿಗೆ ಹೋದ. ಸ್ಟುಟ್‌ಗಾರ್ಟಿನಲ್ಲಿ ಮೂವತ್ತೆಂಟು ವರ್ಷ ಕೂತು ಕಾರುಗಳ ಗೇರ್‌ಬಾಕ್ಸ್ ಡಿಸೈನ್ ಮಾಡಿದ. ಮಾಡಿದ್ದೆಲ್ಲ ಗೇರ್‌ಬಾಕ್ಸ್, ಆದರೆ ಒಂದು ದಿನವೂ ಸ್ಟಿಯರಿಂಗ್ ಹಿಡಿದವನಲ್ಲ. ಟ್ರಾಮಿನಲ್ಲಿ ಹೋಗುವುದು, ಟ್ರಾಮಿನಲ್ಲಿ ಬರುವುದು, ಉಳಿದದ್ದು ಕಾಲ್ನಡಿಗೆ. ಹೆಂಡತಿ ತೀರಿಕೊಂಡ ಮೇಲೆ ಮಗಳು ರಚನಾ ಗ್ರೀನ್ ಕಾರ್ಡ್ ಮಾಡಿಸಿ, ಎರಡು ಸಾವಿರದ ಹದಿನೈದರ ಮೇ ತಿಂಗಳಲ್ಲಿ ಅವನನ್ನು ವಾಷಿಂಗ್ಟನ್ ಹತ್ತಿರದ ಗೈದರ್ಸ್‌ಬರ್ಗಿನ ತನ್ನ ಮನೆಗೆ ಕರೆಸಿಕೊಂಡಳು. ಮಗಳು ಚಿನ್ನದಂಥವಳು. ಆದರೆ ಅವಳೂ ಅಳಿಯನೂ ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದರೆ ಸಂಜೆಯವರೆಗೆ ಇವನೊಬ್ಬನೇ. ನಾಲ್ಕು ತಿಂಗಳು ಫೋನಿನಲ್ಲಿ ನನಗೆ ಒಂದೇ ದೂರು.

"ಗುರ್ಯಾ, ಇಲ್ಲಿ ಮನಿಗೋಳಿಗೆ ಬಾಗಿಲಾನ ಇಲ್ಲಲೇ. ಬರೇ ಗ್ಯಾರೇಜ್. ಎದರ ಮನಿಯಾವನ ಮುಖಾ ನೋಡಿಲ್ಲ ನಾ, ಅವನ ಗಾಡಿ ಬಣ್ಣ ಅಷ್ಟ ಗೊತ್ತು."

"ಹಂಗಾರ ಎರಡು ವಾರ ನಮ್ಮ ಕಡೆ ಬಾ. ಇಲ್ಲೂ ಹಂಗ ಐತಿ, ಆದ್ರ ಬೈಯಾಕ ನಾನರ ಇರ್ತೇನಿ," ಎಂದೆ.

ವಿಮಾನ ಹತ್ತು ಅಂದರೆ ರೈಲು ಹುಡುಕಿದ. ವಾಷಿಂಗ್ಟನ್ನಿನಿಂದ ನಮ್ಮ ಕ್ಯಾರಿಗೆ ದಿನವೂ ರೈಲು ಬರುತ್ತದೆ ಅನ್ನುವುದು ಇಷ್ಟು ವರ್ಷ ಇಲ್ಲಿದ್ದ ನನಗೇ ಗೊತ್ತಿರಲಿಲ್ಲ. ಸ್ಟೇಷನ್ನಿಗೆ ಬರುತ್ತೇನೆ ಅಂದರೆ, "ಬ್ಯಾಡ, ನಕ್ಷಾ ನೋಡೇನಿ, ಆರೂವರಿ ಕಿಲೋಮೀಟರ್. ನಡಕೋತ ಬರ್ತೇನಿ," ಅಂದ. ತಮಾಷೆ ಅಂದುಕೊಂಡೆ. ಸ್ಟುಟ್‌ಗಾರ್ಟಿನಲ್ಲಿ ಅಷ್ಟು ವರ್ಷ ಇದ್ದವನು ಕಿಲೋಮೀಟರ್ ಲೆಕ್ಕದಲ್ಲಿ ತಮಾಷೆ ಮಾಡುವುದಿಲ್ಲ ಅನ್ನುವುದು ಹೊಳೆಯಲಿಲ್ಲ.

ರೈಲು ಇಳಿದು, ಚಕ್ರದ ಸೂಟ್‌ಕೇಸ್ ಎಳೆದುಕೊಂಡು, ರಸ್ತೆ ಪಕ್ಕ ಹೊರಟೇಬಿಟ್ಟ. ಈ ಊರಿನಲ್ಲಿ ಒಬ್ಬ ಬಿಳಿಗೂದಲಿನ ಇಂಡಿಯನ್ ಸೂಟ್‌ಕೇಸ್ ಎಳೆದುಕೊಂಡು ರಸ್ತೆಯಲ್ಲಿ ನಡೆದರೆ ಏನಾಗುತ್ತದೆ ನಿಮಗೇ ಗೊತ್ತು. ಮೊದಲ ಎರಡು ಕಿಲೋಮೀಟರಿನಲ್ಲಿ ನಾಲ್ಕು ಕಾರು ನಿಂತವು. ನಾಲ್ಕೂ ನಮ್ಮವರದೇ. "ಅಂಕಲ್, ಆರ್ ಯು ಓಕೆ? ಮನೇಲಿ ಏನಾದ್ರೂ ಜಗಳ ಆಯ್ತಾ?" ಎಲ್ಲರಿಗೂ ಧನ್ಯವಾದ ಹೇಳಿ ಮುಂದೆ ಕಳಿಸಿದ. ಆಮೇಲೆ ನನಗೆ ಫೋನ್ ಮಾಡಿ ಬೈಯಲು ಶುರು ಮಾಡಿದ.

"ಲೇ, ನಿಮ್ಮೂರಾಗ ಫುಟ್‌ಪಾತ್ ಅರ್ಧಾ ದಾರಿಗೆ ಬಂದು ಸತ್ತ ಹೋಗೇತಲ್ಲೋ! ಮುಂದ ಬರೇ ಹುಲ್ಲು. ಇದನ್ನ ಕಟ್ಟಿದಾವ ಎಲ್ಲಿಗೆ ಹ್ವಾದ?"

ಅಷ್ಟರಲ್ಲಿ ಐದನೇ ಕಾರು ನಿಂತ ಸದ್ದು. ಫೋನ್ ಕಟ್ ಮಾಡುವುದನ್ನು ಅವನು ಮರೆತ. ಹಾಗಾಗಿ ಮುಂದಿನದನ್ನೆಲ್ಲ ನಾನು ಈ ಕಿವಿಯಲ್ಲಿ ಕೇಳಿದ್ದೇನೆ. ನೆನಪಿನ ಪ್ರಶ್ನೆಯೇ ಬರುವುದಿಲ್ಲ, ಶೈಲಜಾ.

ಹೆಂಗಸಿನ ದನಿ. "ಇಷ್ಟ ಚಂದ ನಮ್ಮ ಕಡೆ ಬೈಗುಳ ಕೇಳಿ ಭಾಳ ವರ್ಷಾಗಿತ್ತು, ಅದಕ್ಕ ನಿಂತೆ. ಏನ್ರೀ, ಗಾಡಿ ಕೆಟ್ಟೈತೇನು, ಇಲ್ಲಾ ಹೆಂಡ್ತಿ ಇಳಿಸಿ ಹೋದಳೇನು?"

"ಎರಡೂ ಅಲ್ರಿ. ಹೆಂಡ್ತಿ ಹೋಗಿ ಮೂರು ವರ್ಷಾತು. ಗಾಡಿ ಎಂದೂ ಇರಲಿಲ್ಲ."

ಕಾರಿನ ಬಾಗಿಲು ತೆಗೆದ ಸದ್ದು. ಆಮೇಲೆ ಆ ದನಿ, "ಹಂಗಾರ ಕೂಡ್ರಿ ಮೊದಲ," ಎಂದಿತು. ನಾಲ್ಕು ಕಾರಿಗೆ ಬೇಡ ಅಂದವನು ಐದನೆಯದಕ್ಕೆ ಹತ್ತಿದ.

ಅದು ನೀಲಗಂಗಾ. ನಿಮ್ಮಲ್ಲಿ ಹೊಸದಾಗಿ ಬಂದವರಿಗೆ ಹೇಳುತ್ತೇನೆ: ಬಾಗಲಕೋಟೆ ಕಡೆಯವರು, ಆಪರೇಶನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರ್. ಮೂವತ್ತು ವರ್ಷ ಈ ಊರಿನ ಅರ್ಧ ಜನರನ್ನು ಮಲಗಿಸಿ ಎಬ್ಬಿಸಿದವರು. ಆಗ ಅವರಿಗೆ ಅರವತ್ತಾರು, ರಿಟೈರ್ ಆಗಿ ಎರಡು ವರ್ಷ, ಗಂಡ ಹೋಗಿ ಆರು ವರ್ಷ. ಅವನನ್ನು ನಮ್ಮ ಬಾಗಿಲಲ್ಲಿ ಇಳಿಸಿ ನನಗೆ ಹೇಳಿದರು: "ಗುರುಶಾಂತಪ್ಪನವರ, ನಿಮ್ಮ ಲಗೇಜ್ ರಸ್ತೆದಾಗ ಬಿದ್ದಿತ್ತು, ತಂದೇನಿ. ಸಹಿ ಮಾಡಿ ಇಳಿಸ್ಕೋರಿ."

ಎರಡು ವಾರಕ್ಕೆ ಬಂದವನು ಎರಡು ತಿಂಗಳಾದರೂ ಹೊರಡಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಎರಡು ಮೈಲಿ ನಡೆದು ನೀಲಗಂಗಾ ಮನೆಗೆ ಹೋಗುವುದು, ಅವರ ಹಿತ್ತಲಿನ ಪುಂಡಿಪಲ್ಲೆ ಸೊಪ್ಪನ್ನು ಜಿಂಕೆ ತಿನ್ನದಂತೆ ಬೇಲಿ ಕಟ್ಟುವುದು. ಮೂರು ಮಡಿ ಪುಂಡಿಪಲ್ಲೆಗೆ ಗೇರ್‌ಬಾಕ್ಸಿನಷ್ಟು ಡ್ರಾಯಿಂಗ್ ಬರೆದ. "ಜಿಂಕಿಗೆ ಬೇಲಿ ಕಟ್ಟಾಕ ಎಷ್ಟು ದಿನ ಬೇಕೋ?" ಎಂದು ಕೇಳಿದರೆ, "ಜಿಂಕಿ ದಿನಾ ಕಲೀತಾವು," ಅನ್ನುತ್ತಿದ್ದ. ರೇಣುಕಾ ಒಳಗಿನಿಂದ, "ಜಿಂಕಿ ಒಂದಾ ಅಲ್ಲ," ಅಂತ ಕೂಗುತ್ತಿದ್ದಳು.

ಇದು ಎರಡನೇ ವಾಯ್ಸ್ ನೋಟ್. ಮೊದಲನೆಯದು ಬೆರಳು ಜಾರಿ ಹೋಯಿತು, ಅದರ ಕೊನೆಯಲ್ಲಿ ನಾನು ಕೆಮ್ಮಿದ್ದನ್ನು ಬಿಟ್ಟು ಕೇಳಿ.

ಅಕ್ಟೋಬರಿನಲ್ಲಿ ನೀಲಗಂಗಾಗೆ ಕಣ್ಣಿನ ಡಾಕ್ಟರು ಒಂದು ಮಾತು ಹೇಳಿದರು. ಕಣ್ಣಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಕಮ್ಮಿಯಾಗುತ್ತಿದೆ, ಈ ವರ್ಷ ಮುಗಿದ ಮೇಲೆ ಕಾರು ಓಡಿಸಬಾರದು. ಕ್ಯಾರಿಯಲ್ಲಿ ಕಾರು ಬಿಡುವುದು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಹಾಲು ಬೇಕಾದರೂ ಹೆದ್ದಾರಿ ದಾಟಬೇಕು. ಅವರ ಮಗಳು ಕಾತ್ಯಾಯಿನಿ ಅಟ್ಲಾಂಟಾದ ಹತ್ತಿರ ಇದ್ದಾಳೆ, ಇಲ್ಲೇ ಹುಟ್ಟಿದ ಹುಡುಗಿ. ಸುದ್ದಿ ಕೇಳಿದ್ದೇ ತನ್ನ ಬೇಸ್‌ಮೆಂಟಿನಲ್ಲಿ ಅಮ್ಮನಿಗೆ ಕೋಣೆ ಮಾಡಿಸಿದಳು, ಬಚ್ಚಲಿಗೆ ಹಿಡಿಕೆ ಹಾಕಿಸಿದಳು. ಮಗಳ ತಪ್ಪೇನೂ ಇಲ್ಲ. ಆದರೆ ನೀಲಗಂಗಾ ನಮ್ಮ ಊಟದ ಮೇಜಿನಲ್ಲಿ ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಬೇಸ್‌ಮೆಂಟಿಗೆ ಕಿಡಕಿ ಐತ್ರಿ. ಅದರಾಗಿಂದ ನೋಡಿದ್ರ ಹುಲ್ಲಿನ ಬೇರು ಕಾಣತಾವು. ನನ್ನ ಮನಿ ನಾನ ಕಟ್ಟಿಸೇನಿ, ಬೀಗದಕೈ ನನ್ನ ಕೈಯಾಗ ಇರಬೇಕು. ಅಷ್ಟ."

ಅಷ್ಟೇ. ಅವರಿಗೆ ಬೇಕಾಗಿದ್ದದ್ದು ಅಷ್ಟೇ: ತಮ್ಮ ಮನೆಯಲ್ಲಿ ತಾವು ಇರುವುದು. ಮೇಜಿನ ಮೇಲೆ ಅವರ ಫೋನು ಸ್ಪೀಕರಿನಲ್ಲಿತ್ತು, ಆ ಕಡೆ ಕಾತ್ಯಾಯಿನಿ.

"ಅಮ್ಮಾ, ನಾನು ಫೋರ್ಸ್ ಮಾಡಲ್ಲ. ಆದ್ರೆ ನಿನ್ನನ್ನ ಡಾಕ್ಟರ್ ಹತ್ರ ಯಾರು ಡ್ರೈವ್ ಮಾಡ್ತಾರೆ? ಎಮರ್ಜೆನ್ಸಿ ಬಂದ್ರೆ? ನಂಗೆ ಸಿಕ್ಸ್ ಅವರ್ಸ್ ಬೇಕು ಅಲ್ಲಿಗೆ ಬರೋಕೆ."

ಆಗ ಮೂಲೆಯಲ್ಲಿ ಕೂತಿದ್ದ ಸಿದ್ಧಲಿಂಗೇಶ ಗಂಟಲು ಸರಿ ಮಾಡಿಕೊಂಡ. "ನಾ ಕಲೀತೇನಿ," ಎಂದ.

ನಾನು ನಕ್ಕೆ. ನೀಲಗಂಗಾ ನಗಲಿಲ್ಲ.

ಫೋನಿನಲ್ಲಿ ಕಾತ್ಯಾಯಿನಿ ಕೇಳಿದಳು, "ಅಂಕಲ್, ನಿಮಗೆ ಎಷ್ಟು ವರ್ಷ?"

"ಎಪ್ಪತ್ತೊಂದು."

"ಓಕೆ. ಥ್ಯಾಂಕ್ಸ್‌ಗಿವಿಂಗ್‌ಗೆ ನಾನು ವ್ಯಾನ್ ತಗೊಂಡು ಬರ್ತೀನಿ. ಅಷ್ಟರಲ್ಲಿ ನಿಮ್ಮ ಹತ್ರ ಲೈಸೆನ್ಸ್ ಇದ್ರೆ, ಅಮ್ಮ ಇಲ್ಲೇ ಇರ್ಲಿ. ಇಲ್ಲಾಂದ್ರೆ ಮಾರನೇ ದಿನ ಶುಕ್ರವಾರ ಅಮ್ಮ ನನ್ನ ಜೊತೆ ಬರ್ತಾಳೆ. ಡೀಲ್?"

"ಡೀಲ್," ಎಂದರು ನೀಲಗಂಗಾ. ಡಾಕ್ಟರ್ ಹೆಂಗಸು, ಒಂದು ಮಾತು ಕೊಟ್ಟರೆ ಮುಗಿಯಿತು.

ಓದಿ ಬರೆಯುವ ಪರೀಕ್ಷೆಯಲ್ಲಿ ಅವನು ಒಂದೂ ತಪ್ಪಿಲ್ಲದೆ ಪಾಸಾಗಿ, ಕಲಿಯುವವರಿಗೆ ಕೊಡುವ ಪರ್ಮಿಟ್ ತಂದ. ಪುಸ್ತಕದಲ್ಲಿ ಎರಡು ಕಡೆ ಚಿತ್ರ ಸರಿಯಿಲ್ಲ ಅಂತ ಪೆನ್ಸಿಲಿನಿಂದ ತಿದ್ದಿ ಇಟ್ಟಿದ್ದ. ಓಡಿಸಲು ಕಲಿಸಿದವನು ನಾನು. ನೀಲಗಂಗಾ ಕಾರು, ಪಕ್ಕದೂರು ಮಾರಿಸ್‌ವಿಲ್‌ನ ದೇವಸ್ಥಾನದ ಪಾರ್ಕಿಂಗ್, ವಾರದ ದಿನ ಬೆಳಿಗ್ಗೆ ಹತ್ತು ಗಂಟೆ, ಖಾಲಿ ಜಾಗ. ಮೊದಲ ದಿನ ಕೂತವನೇ ಕೇಳಿದ: "ಗೇರ್ ಎಲ್ಲಿ?"

"ಆಟೋಮ್ಯಾಟಿಕ್ ಅದಲೇ. ಅದ ಹಾಕ್ಕೊಂತೈತಿ."

"ಅದ ಹಾಕ್ಕೊಂಡ್ರ ನಾ ಯಾಕ ಬೇಕು?" ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತ. ಮೂವತ್ತೆಂಟು ವರ್ಷದ ಬಾಳ್ವೆಗೆ ಅವಮಾನ ಆಯಿತಂತೆ.

ಆಮೇಲೆ ಚೆನ್ನಾಗಿ ಓಡಿಸಿದ. ಅತಿ ಚೆನ್ನಾಗಿ ಅನ್ನುವುದೇ ತೊಂದರೆ. ಇಪ್ಪತ್ತೈದು ಮೈಲಿ ಅಂತ ಬರೆದಿದ್ದರೆ ಇಪ್ಪತ್ತೈದು, ಇಪ್ಪತ್ತಾರು ಇಲ್ಲ. ಸ್ಟಾಪ್ ಬೋರ್ಡ್ ಕಂಡರೆ ನಿಂತು ಒಂದು, ಎರಡು, ಮೂರು ಎಣಿಸುವುದು. ರಸ್ತೆ ದಾಟುವವರಿಗೆ ದಾರಿ ಬಿಡುವುದಷ್ಟೇ ಅಲ್ಲ, ಇನ್ನೂ ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿರುವವರಿಗೂ ದಾರಿ ಬಿಡುವುದು. "ಲೇ ಸಿದ್ಯಾ, ಈ ಲೆಕ್ಕದಾಗ ಆಕೀನ ಡಾಕ್ಟರ್ ಕಡೆ ಒಯ್ಯೂದ್ರಾಗ ಆಕಿ ಕಣ್ಣ ತಾನ ಆರಾಮ ಆಗಿರ್ತಾವ," ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ನವೆಂಬರ್ ಕೊನೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ರಸ್ತೆ ಪರೀಕ್ಷೆ. ನಮ್ಮ ರೇಣುಕಾ ಪಟ್ಟು ಹಿಡಿದಳು, ಮೊದಲು ಕಾರಿಗೆ ಪೂಜೆ ಆಗಬೇಕು. ಒಂಬತ್ತು ವರ್ಷದ ಹಳೇ ಕಾರಿಗೆ ಎಂಥ ಪೂಜೆ ಅಂದರೆ, "ಹೊಸಾ ಡ್ರೈವರ್ ಅಂದ್ರ ಹೊಸಾ ಗಾಡಿ ಇದ್ದಂಗ," ಎಂದಳು. ಸರಿ, ನಾಲ್ವರೂ ಹತ್ತು ಗಂಟೆಗೆ ದೇವಸ್ಥಾನದಲ್ಲಿ. ಅರ್ಚಕರು ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, "ನಿಧಾನಕ್ಕೆ ಮುಂದೆ ತಗೊಳ್ಳಿ ಸಾರ್," ಎಂದರು.

ನಿಧಾನಕ್ಕೆ ಅನ್ನಬಾರದಿತ್ತು. ಅವನು ಎಷ್ಟು ನಿಧಾನಕ್ಕೆ ತೆಗೆದುಕೊಂಡ ಅಂದರೆ ಮೂರು ನಿಂಬೆಹಣ್ಣು ಪಚ್ ಅಂದವು, ನಾಲ್ಕನೆಯದು ಚಕ್ರದ ಕೆಳಗಿನಿಂದ ಜಾರಿ ಪಕ್ಕಕ್ಕೆ ಬಂದು ಕೂತಿತು. ರೇಣುಕಾ ಎದೆ ಮೇಲೆ ಕೈ ಇಟ್ಟುಕೊಂಡಳು. "ಒಂದು ಉಳೀತು ಅಂದ್ರ ಒಂದು ಕೆಟ್ಟ ಕಣ್ಣ ಉಳೀತು. ಹಿಂದಕ ತಗೋರಿ!" ಅವನು ಹಿಂದಕ್ಕೆ ತೆಗೆದುಕೊಂಡ. ತಪ್ಪಿತು. ಮತ್ತೆ ಮುಂದಕ್ಕೆ. ಮತ್ತೆ ತಪ್ಪಿತು. ಎದುರಿಗೆ ಏನಾದರೂ ಕಂಡರೆ ಬಳಸಿಕೊಂಡು ಹೋಗು ಅಂತ ಕಲಿಸಿದವನು ನಾನೇ, ಏನು ಮಾಡುವುದು?

ಗಡಿಯಾರ ಹತ್ತೂವರೆ. ರೇಣುಕಾ ಮತ್ತೊಂದು ನಿಂಬೆಹಣ್ಣು ತರಲು ಒಳಗೆ ಹೋಗುವ ಅಂದಾಜಿನಲ್ಲಿದ್ದಳು. ಹೋದರೆ ಪರೀಕ್ಷೆ ಹೋಯಿತು. ಅವಳು ಆ ಕಡೆ ತಿರುಗಿದ ಹೊತ್ತಿಗೆ ನಾನು ಬಗ್ಗಿ ಅದನ್ನು ಎತ್ತಿಕೊಂಡೆ, ಹಿಂದಿನ ಬಾಗಿಲು ತೆಗೆದು ಕಾರಿನೊಳಗೆ ಕೆಳಗೆ ಹಾಕಿದೆ. "ಒಡೀತು, ಒಡೀತು, ನಡೀರಿ!" ಅಂತ ಕೂಗಿದೆ. ದಾರಿಯಲ್ಲಿ ಎಸೆದರಾಯಿತು ಅಂದುಕೊಂಡಿದ್ದೆ. ದಾರಿಯಲ್ಲಿ ನಾನು ಮಾತಾಡುತ್ತಿದ್ದೆ. ಮಾತಾಡುವಾಗ ನನಗೆ ಬೇರೇನೂ ನೆನಪಿರುವುದಿಲ್ಲ. ಹೌದು ಶೈಲಜಾ, ಇದನ್ನೊಂದು ನೀನು ಬರೆದುಕೊಳ್ಳಬಹುದು.

ಗೊತ್ತಾಯಿತಲ್ಲ ಈಗ? ತಡೆಯಿರಿ, ಮುಗಿದಿಲ್ಲ.

ರೇಣುಕಾಳನ್ನು ಮನೆಯಲ್ಲಿ ಇಳಿಸಿ ಮೂವರೂ ಪರೀಕ್ಷೆಯ ಕಚೇರಿಗೆ ಹೋದೆವು. ಪರೀಕ್ಷೆ ಮಾಡಲು ಬಂದಾಕೆ ಎತ್ತರದ ಹೆಂಗಸು, ಕೈಯಲ್ಲಿ ರಟ್ಟಿನ ಹಲಗೆ, ಮುಖದಲ್ಲಿ ಏನೂ ಇಲ್ಲ. ಅವರಿಬ್ಬರೂ ಹೊರಟರು. ನಾನೂ ನೀಲಗಂಗಾರೂ ಹೊರಗಿನ ಬೆಂಚಿನಲ್ಲಿ. ಅವರು ಬ್ಯಾಗಿನಿಂದ ಮನೆಯ ಬೀಗದಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತರು. ಹತ್ತು ನಿಮಿಷ. ಹದಿನೈದು. ಕಾರು ವಾಪಸ್ ಬಂತು. ಎಷ್ಟು ಅಚ್ಚುಕಟ್ಟಾಗಿ ತಿರುಗಿತು ಅಂದರೆ ನಾನು ಎದ್ದು ನಿಂತೆ. ಇನ್ನು ನಿಲ್ಲಿಸುವುದೊಂದೇ ಬಾಕಿ. ನಿಲ್ಲಬೇಕಾದ ಗೆರೆ ಬಂತು, ಕಾರು ನಿಲ್ಲಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದ, ಕಲ್ಲಿನ ಅಂಚು ಹತ್ತಿ, ಒಂದು ಪೊದೆಗೆ ಮೂಗು ತಾಗಿಸಿ ನಿಂತಿತು.

ಓಡಿದೆವು. ಪೊದೆಗೂ ಕಾರಿಗೂ ಏನೂ ಆಗಿರಲಿಲ್ಲ. ಸಿದ್ಧಲಿಂಗೇಶ ಬಗ್ಗಿ, ಬ್ರೇಕಿನ ಕೆಳಗಿನಿಂದ ಅರ್ಧ ಚಪ್ಪಟೆಯಾದ ನಿಂಬೆಹಣ್ಣನ್ನು ತೆಗೆದು ಅಂಗೈಯಲ್ಲಿ ಹಿಡಿದಿದ್ದ. ಅಲ್ಲಿ ಇಲ್ಲಿ ಬ್ರೇಕ್ ಹಾಕಿದಂತೆ ಅದು ಹಿಂದಿನಿಂದ ಸೀಟಿನ ಅಡಿಯಲ್ಲಿ ಉರುಳಿ ಉರುಳಿ ಬಂದು, ಕೊನೇ ಬ್ರೇಕಿಗೆ ಸರಿಯಾಗಿ ತಲುಪಿತ್ತು. ಕಾರಿನ ತುಂಬ ನಿಂಬೆಯ ವಾಸನೆ.

"ಸರ್, ವಾಟ್ ಈಸ್ ದಿಸ್?" ಆಕೆ ಕೇಳಿದಳು.

"ಎ ಲೆಮನ್, ಮ್ಯಾಡಮ್."

"ವೈ ಈಸ್ ಇಟ್ ಇನ್ ದ ಕಾರ್?"

ಅವನು ಯೋಚಿಸಿ, ಬಲು ಪ್ರಾಮಾಣಿಕವಾಗಿ ಹೇಳಿದ: "ಫಾರ್ ಸೇಫ್ಟಿ."

ಆ ಮಾತು ಇವತ್ತು ನಿಮ್ಮ ಸ್ಕಿಟ್ಟಿನಲ್ಲಿ ಇದೆ, ಅಲ್ಲವೇ? ಇರಲಿ, ಅದು ನಿಜ. ಆಕೆ ಹಲಗೆಯ ಮೇಲೆ ಏನೋ ಬರೆದು, ಒಂದು ವಾರ ಬಿಟ್ಟು ಬನ್ನಿ ಅಂದಳು. ಒಂದು ವಾರ ನಮ್ಮ ಹತ್ತಿರ ಎಲ್ಲಿತ್ತು? ವ್ಯಾನು ಗುರುವಾರ ಬರುತ್ತಿತ್ತು.

ಆಕೆ ಒಳಗೆ ಹೋದ ಮೇಲೆ ನೀಲಗಂಗಾ ಕೇಳಿದರು, "ಇದನ್ನ ಒಳಗ ಯಾರ ಇಟ್ಟೋರು?"

ಸಿದ್ಧಲಿಂಗೇಶ ನನ್ನ ಕಡೆ ನೋಡಿದ. ಒಂದೇ ಕ್ಷಣ. ನಾನು ಪೊದೆಯ ಕಡೆ ನೋಡಿದೆ. ರೇಣುಕಾಗೆ ಒಡೆಯಿತು ಅಂತ ಸುಳ್ಳು ಹೇಳಿದ್ದೇನೆ, ಇವರ ಮನೆ ಕಳೆದಿದ್ದೇನೆ, ಎರಡೂ ಒಟ್ಟಿಗೆ ಎದುರಿಗೆ ಬಂದು ನಿಂತವು.

"ನಾನ," ಎಂದ ಅವನು. "ದೇವಸ್ಥಾನದ ಮುಂದ ಕಸಾ ಬಿಡಬಾರದಂತ ಒಡೆದದ್ದನ್ನ ಎತ್ತಿ ಇಟ್ಟೆ."

ಎಲ್ಲರೂ ನಂಬುವ ಮಾತು. ಅವನು ನಿಜಕ್ಕೂ ಅಂಥವನು. ನಾನು ಮನೆಯವರೆಗೂ ಒಂದು ಅಕ್ಷರ ಆಡಲಿಲ್ಲ.

ಗುರುವಾರ ಕಾತ್ಯಾಯಿನಿ ಗಂಡನ ಜೊತೆ ವ್ಯಾನಿನಲ್ಲಿ ಬಂದಳು. ನೀಲಗಂಗಾ ಮನೆಯಲ್ಲೇ ಎಲ್ಲರಿಗೂ ಊಟ. ಜೋಳದ ರೊಟ್ಟಿ, ಕೊನೇ ಪುಂಡಿಪಲ್ಲೆ. ಕಾತ್ಯಾಯಿನಿಗೆ ನಗು ತಡೆಯಲಾಗಲಿಲ್ಲ. "ಫಾರ್ ಸೇಫ್ಟಿ! ಓ ಮೈ ಗಾಡ್, ಅಂಕಲ್!" ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ಮೆತ್ತಗೆ ಹೇಳಿದಳು: "ಸಾರಿ, ಆದ್ರೆ ಡ್ರೈವ್ ಮಾಡೋವಾಗ ಕಾರಲ್ಲಿ ಏನಿದೆ ಅಂತ ನೋಡದೆ ಇರೋರ ಜೊತೆ ಅಮ್ಮನ್ನ ಹೇಗೆ ಬಿಡ್ಲಿ? ಡೀಲ್ ಈಸ್ ಡೀಲ್." ಸಿದ್ಧಲಿಂಗೇಶ ತಲೆಯಾಡಿಸಿದ. ರೊಟ್ಟಿ ಮುರಿಯುತ್ತಾ ಕೂತ. ನಾನೂ ರೊಟ್ಟಿ ಮುರಿದೆ. ರೇಣುಕಾ ಎರಡು ಸಲ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಅಂತ ನೋಡಿದಳು.

ಶುಕ್ರವಾರ ಬೆಳಿಗ್ಗೆ, ಮಾತು ಕೊಟ್ಟಿದ್ದೆ ಅಂತ, ಖಾಲಿ ಪೆಟ್ಟಿಗೆಗಳನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಕಾತ್ಯಾಯಿನಿ ಅಡುಗೆಮನೆಯಲ್ಲಿ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದಳು. ಸಿದ್ಧಲಿಂಗೇಶ ಆಗಲೇ ನಡೆದು ಬಂದಿದ್ದ. ಹಿತ್ತಲಲ್ಲಿ ತಾನೇ ಕಟ್ಟಿದ ಬೇಲಿಯನ್ನು ಬಿಚ್ಚಿ, ಕಂಬಗಳನ್ನು ಅಳತೆ ಪ್ರಕಾರ ಜೋಡಿಸಿಟ್ಟು ಒಳಗೆ ಬಂದು ಕೈ ತೊಳೆಯುತ್ತಿದ್ದ. ನೀಲಗಂಗಾ ಬೀಗದಕೈಗೆ ಒಂದು ಚೀಟಿ ಕಟ್ಟುತ್ತಿದ್ದರು, ಮನೆ ಮಾರುವವರಿಗೆ ಕೊಡಲು. ತಲೆ ಎತ್ತದೆ ನನ್ನನ್ನು ಕೇಳಿದರು:

"ಗುರುಶಾಂತಪ್ಪನವರ, ಮೂರು ದಿನಾತು ನಿಮ್ಮ ಬಾಯಿ ಮುಚ್ಚಿ. ಅರಿವಳಿಕಿ ನಾ ಅಂತೂ ಕೊಟ್ಟಿಲ್ಲಲ್ಲ?"

"ಲಿಂಬಿಹಣ್ಣು ನಂದು," ಎಂದೆ.

ಟೇಪಿನ ಸದ್ದು ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ನಾಲ್ಕನೇ ಚಕ್ರ, ರೇಣುಕಾ, ಹಿಂದಿನ ಬಾಗಿಲು, ಒಡೀತು ಒಡೀತು ಅಂತ ಕೂಗಿದ್ದು. ಕಾತ್ಯಾಯಿನಿ ನನ್ನನ್ನು ದಿಟ್ಟಿಸಿ ನೋಡಿದಳು. "ಅಂಕಲ್, ನೀವು ಮಂಗಳವಾರನೇ ಹೇಳ್ಬೇಕಿತ್ತು," ಎಂದಳು. ನಗು ಇರಲಿಲ್ಲ. ಆಮೇಲೆ ಅವನ ಕಡೆ ತಿರುಗಿದಳು. "ನೀವು ಯಾಕೆ ನಿಮ್ದು ಅಂದ್ರಿ?"

"ಗಾಡಿ ಓಡಿಸಾಂವ ನಾ. ಹೊರಡೂ ಮೊದಲ ಒಳಗ ಏನೈತಿ ನೋಡಬೇಕಾದಾಂವ ನಾನ. ತಪ್ಪು ನಂದ."

ನೀಲಗಂಗಾ ಬಿಡಲಿಲ್ಲ. "ತಪ್ಪು ನಂದು ಅಂದಿದ್ರ ಬ್ಯಾರೆ. ನಾನ ಎತ್ತಿ ಇಟ್ಟೆ ಅಂದ್ರಿ. ಅದು ಸುಳ್ಳು."

ಅವನ ಕಿವಿ ಕೆಂಪಾದವು. "ಅದೊಂದು ವಾಕ್ಯ ಸುಳ್ಳು," ಎಂದು ಒಪ್ಪಿಕೊಂಡ. "ಇಂವ ಮನಿಗೆ ಹೋಗಿ ರೇಣುಕಾನ ಮುಂದ ನಿಲ್ಲಬೇಕಿತ್ತಲ್ರಿ."

ನೀಲಗಂಗಾ ಅವನನ್ನು ನೋಡಿದ ರೀತಿ ನಾನು ಹೇಳುವುದಿಲ್ಲ. ಅವರೂ ಈ ಗುಂಪಿನಲ್ಲಿದ್ದಾರೆ.

ಕಾತ್ಯಾಯಿನಿ ಟೇಪು ಕೆಳಗಿಟ್ಟು ಕಾರಿನ ಕೀ ತೆಗೆದುಕೊಂಡಳು. "ಪರ್ಮಿಟ್ ಇದೆ ಅಲ್ವಾ? ಬನ್ನಿ ಅಂಕಲ್, ನಂಗೆ ತೋರ್ಸಿ." ಮೊದಲು ಕಾರಿನ ನಾಲ್ಕೂ ಬಾಗಿಲು ತೆಗೆದು, ಮಂಡಿಯೂರಿ, ಸೀಟುಗಳ ಕೆಳಗೆ ಟಾರ್ಚ್ ಹಾಕಿ ನೋಡಿದಳು. ಅವನೂ ಇನ್ನೊಂದು ಕಡೆಯಿಂದ ಮಂಡಿಯೂರಿದ್ದ. ಇಬ್ಬರೂ ಹೊರಟರು. ಒಂದು ಗಂಟೆಯಾದರೂ ಬರಲಿಲ್ಲ. ನೀಲಗಂಗಾ ಆ ಚೀಟಿಯನ್ನು ಕಟ್ಟುವುದು ಬಿಚ್ಚುವುದು, ಕಟ್ಟುವುದು ಬಿಚ್ಚುವುದು. ನಾನು ಮಾತಾಡಲು ಬಾಯಿ ತೆಗೆದರೆ ಕೈ ಎತ್ತಿ ತಡೆದರು.

ವಾಪಸ್ ಬಂದ ಕಾತ್ಯಾಯಿನಿ ಒಂದು ಲೋಟ ನೀರು ಕುಡಿದಳು. ಆದದ್ದು ಇಷ್ಟು: ಕೆರೆಯ ಹತ್ತಿರ ಹೆಬ್ಬಾತುಗಳು ರಸ್ತೆ ದಾಟುತ್ತಿದ್ದವು. ಇವನು ನಿಲ್ಲಿಸಿದ. ಅವು ನಡುರಸ್ತೆಯಲ್ಲಿ ಕೂತವು. ಹಿಂದೆ ಒಂಬತ್ತು ಕಾರು, ಎಲ್ಲರದೂ ಹಾರ್ನ್. ಇವನು ಅಲುಗಾಡಲಿಲ್ಲ, ಹಾರ್ನ್ ಹೊಡೆಯಲಿಲ್ಲ, ಬೆವರಲಿಲ್ಲ. ಹನ್ನೊಂದು ನಿಮಿಷ. ಕೊನೆಗೆ ಕಾತ್ಯಾಯಿನಿಯೇ ಇಳಿದು ಓಡಿಸಿದಳಂತೆ, ಒಂದು ಹೆಬ್ಬಾತು ಅವಳ ಪ್ಯಾಂಟು ಕಚ್ಚಿತು.

"ಅಮ್ಮಾ," ಎಂದಳು. "ಇವ್ರು ಯಾವತ್ತೂ ಅಟ್ಲಾಂಟಾ ರೀಚ್ ಆಗಲ್ಲ. ಬಟ್ ಯಾರಿಗೂ ಹಿಟ್ ಮಾಡಲ್ಲ." ಅಷ್ಟು ಹೇಳಿ, ಅಡುಗೆಮನೆಗೆ ಹೋಗಿ, ಪೆಟ್ಟಿಗೆಯ ಟೇಪನ್ನು ಚರ್ರನೆ ಕಿತ್ತಳು. ಬಾಣಲೆ ತೆಗೆದು ಮತ್ತೆ ಗೂಡಿನಲ್ಲಿಟ್ಟಳು. ನೀಲಗಂಗಾ ಬೀಗದಕೈಯ ಚೀಟಿ ಹರಿದು ಕಸದ ಬುಟ್ಟಿಗೆ ಹಾಕಿದರು.

ಮುಂದಿನ ಬುಧವಾರ ಅವನು ಪಾಸಾದ. ಅದೇ ಹೆಂಗಸು. ಹತ್ತುವ ಮೊದಲು ಆಕೆಯೇ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಮಾರ್ಚಿನಲ್ಲಿ ಅವನೂ ನೀಲಗಂಗಾರೂ ಕೋರ್ಟಿಗೆ ಹೋಗಿ ಸಹಿ ಹಾಕಿದರು. ಸಾಕ್ಷಿ ನಾನು ಮತ್ತು ಕಾತ್ಯಾಯಿನಿ. ರಚನಾ ಗೈದರ್ಸ್‌ಬರ್ಗಿನಿಂದ ರೈಲಿನಲ್ಲಿ ಬಂದಿದ್ದಳು, ಅಪ್ಪನ ಮಾತು ಕೇಳಿ. ಅಂದಹಾಗೆ ಅವನು ಅಟ್ಲಾಂಟಾ ತಲುಪಿದ್ದಾನೆ, ಮೂರು ಸಲ. ಆರು ಗಂಟೆಯ ದಾರಿಗೆ ಒಂಬತ್ತೂವರೆ ತೆಗೆದುಕೊಂಡ. ನೀಲಗಂಗಾ ದಾರಿಯುದ್ದಕ್ಕೂ ನಿದ್ದೆ ಮಾಡುತ್ತಾರಂತೆ. ಬೇರೆಯವರನ್ನು ಮಲಗಿಸಿದಾಕೆಗೆ ಈಗ ಮಲಗಲು ಸಮಯ ಸಿಕ್ಕಿದೆ.

ಈಗ ನನ್ನ ವಿಷಯ. ಅವತ್ತು ಅಡುಗೆಮನೆಯಲ್ಲಿ ಮೂವರ ಕೈ ಹಿಡಿದು ಬೇಡಿಕೊಂಡೆ, ರೇಣುಕಾಗೆ ಹೇಳಬೇಡಿ ಅಂತ. ಮೂವರೂ ಮಾತು ಉಳಿಸಿಕೊಂಡರು. ಹಾಗಾಗಿ ನಾಲ್ಕು ವರ್ಷದಿಂದ ಪ್ರತಿ ಪಾಟ್‌ಲಕ್ ಊಟದಲ್ಲಿ ಅವನು "ನಿಂಬೆಹಣ್ಣಿನ ಅಂಕಲ್" ಆಗಿದ್ದಾನೆ. ನಿಮ್ಮ ಮಕ್ಕಳು ಅವನ ಕಾರಿನ ಕೆಳಗೆ ಬಗ್ಗಿ ನೋಡುತ್ತಾರೆ. ಅವನು ನಗುತ್ತಾನೆ. ನಾನು ಕತೆ ಹೇಳುವಾಗ ಆ ಜಾಗ ಬಂದರೆ ಒಂದು ಸಲ "ಹೆಂಗೋ ಉರುಳಿ ಬಂತು" ಅಂದೆ, ಒಂದು ಸಲ "ಸಿದ್ಯಾನ ಇಟ್ಟ" ಅಂದೆ, ಇನ್ನೊಂದು ಸಲ, ದೇವರು ಕ್ಷಮಿಸಲಿ, "ಅರ್ಚಕರೇ ಇಟ್ಟಿರಬೇಕು" ಅಂದೆ. ಶೈಲಜಾ ಹಿಡಿದದ್ದು ಅದನ್ನೇ. ಹುಷಾರಿ ಹುಡುಗಿ. ಆದರೆ ನನ್ನ ನೆನಪು ಯಾವತ್ತೂ ತಪ್ಪಿರಲಿಲ್ಲ, ಬಾಯಿ ತಪ್ಪಿತ್ತು.

ಸ್ಕಿಟ್ ಆಡಿ, ಬೇಡ ಅನ್ನುವುದಿಲ್ಲ. ನಿಂಬೆಹಣ್ಣಿನ ಹಾರವನ್ನೂ ಕಟ್ಟಿ. ಅವನ ಕೊರಳಿಗಲ್ಲ, ನನ್ನ ಕೊರಳಿಗೆ ಹಾಕಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಹಿಂದಿನ ಕತೆ ಯಾರಿಗೆಲ್ಲ ಕಳಿಸಿದ್ದಿರೋ ಅವರಿಗೆಲ್ಲ ಇದನ್ನೂ ಕಳಿಸಿ. ಗೈದರ್ಸ್‌ಬರ್ಗಿನ ರಚನಾಗೆ ಮೊದಲು, ಅವಳು ಇನ್ನೂ ತನ್ನ ಅಪ್ಪನದೇ ತಪ್ಪು ಅಂದುಕೊಂಡಿದ್ದಾಳೆ. ನಿಮ್ಮ ಮಕ್ಕಳಿಗೆ ನೀವೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿ. ರೇಣುಕಾಗೆ ಮಾತ್ರ ಯಾರೂ ಕಳಿಸುವ ಕಷ್ಟ ತೆಗೆದುಕೊಳ್ಳಬೇಡಿ. ಒಲೆ ಆರಿಸಿ ಬಂದು, ಸೌಟು ಹಿಡಿದುಕೊಂಡು, ಆಗಿನಿಂದ ಬಾಗಿಲಲ್ಲೇ ನಿಂತಿದ್ದಾಳೆ. ಉಳಿದವರಿಗೆಲ್ಲ ತಲುಪಿಸಿ, ಸ್ವಲ್ಪ ಬೇಗ.